ಪೆಟ್ಟು, ದಾರಿ, ಹೊತ್ತು: ಖಾನಾಪುರ ತಾಲ್ಲೂಕಿನಲ್ಲಿ ಮಕ್ಕಳ ಗಾಯ ಮತ್ತು ದವಾಖಾನೆಯ ನಿರ್ಧಾರ

ಮಗುವಿಗೆ ಪೆಟ್ಟು ಬಿದ್ದಾಗ ಮನೆಯವರ ಮುಂದೆ ಏಳುವ ಪ್ರಶ್ನೆ ಒಂದೇ ಎಂದು ತೋರಿದರೂ ಅದರ ಹಿಂದೆ ಎರಡು ಬಗೆಯ ತಪ್ಪುಗಳ ಅಂಜಿಕೆ ಇರುತ್ತದೆ: ಹೋಗಲೇಬೇಕಾದಾಗ ಹೋಗದೆ ಉಳಿಯುವುದು ಒಂದು, ಹೋಗಬೇಕಾಗಿಲ್ಲದಾಗ ಹೊರಟುಬಿಡುವುದು ಇನ್ನೊಂದು. ಮೊದಲನೆಯದು ಜೀವಕ್ಕೋ ಕೈಕಾಲಿಗೋ ಎರವಾಗಬಹುದು; ಎರಡನೆಯದಕ್ಕೆ ಒಂದು ದಿನದ ಕೂಲಿ, ಬಾಡಿಗೆ ಗಾಡಿಯ ಹಣ, ಮನೆಯಲ್ಲಿ ಉಳಿದ ಮಕ್ಕಳ ಊಟ, ಕೆಲವು ಸಲ ಬೇಡದ ಸಿಟಿ ಸ್ಕ್ಯಾನಿನ ವಿಕಿರಣ ಇವೆಲ್ಲ ಖರ್ಚಾಗುತ್ತವೆ. ವೈದ್ಯಕೀಯ ಕೈಪಿಡಿಗಳು ಸಾಮಾನ್ಯವಾಗಿ ಮೊದಲ ತಪ್ಪನ್ನಷ್ಟೇ ಗಮನದಲ್ಲಿಟ್ಟುಕೊಂಡು, ಸಂಶಯ ಬಂದರೆ ಆಸ್ಪತ್ರೆಗೆ ಕರೆದೊಯ್ಯಿರಿ ಎಂದು ಹೇಳಿ ಮುಗಿಸುತ್ತವೆ. ಬೆಳಗಾವಿಯ ನೆಹರೂ ನಗರದಲ್ಲೋ ಟಿಳಕವಾಡಿಯಲ್ಲೋ ಇರುವವರಿಗೆ ಆ ಮಾತು ಸಾಕು. ಆದರೆ ಅದೇ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಪಶ್ಚಿಮದ ಕಾಡುಹಳ್ಳಿಗಳಲ್ಲಿ ಸಂಶಯವೆನ್ನುವುದು ಪ್ರತಿ ವಾರದ ಸಂಗತಿಯಾಗಿರುವಾಗ ದವಾಖಾನೆಯ ದಾರಿ ಮಾತ್ರ ಋತುವನ್ನೂ ಹೊತ್ತನ್ನೂ ನೋಡಿಕೊಂಡು ತೆರೆಯುವಂಥದ್ದಾಗಿರುವುದರಿಂದ, ಅಲ್ಲಿ ಈ ಪ್ರಶ್ನೆಯನ್ನೇ ಸ್ವಲ್ಪ ಬೇರೆ ರೀತಿಯಲ್ಲಿ ಕೇಳಬೇಕಾಗುತ್ತದೆ.

ಖಾನಾಪುರವು ಒಂದೇ ತಾಲ್ಲೂಕಾದರೂ ಅದರೊಳಗೆ ಎರಡು ಭೂಭಾಗಗಳಿವೆ. ಬೀಡಿ, ಇಟಗಿ, ಕಕ್ಕೇರಿ, ನಂದಗಡದ ಕಡೆಯ ಪೂರ್ವಭಾಗ ಬಯಲುಸೀಮೆಗೆ ಹತ್ತಿರವಾದದ್ದು. ರಸ್ತೆಗಳಿವೆ, ಬಸ್ಸುಗಳಿವೆ, ಅಗತ್ಯ ಬಿದ್ದರೆ ಧಾರವಾಡವೂ ಕೈಗೆಟಕುತ್ತದೆ. ಜಾಂಬೋಟಿಯಿಂದ ಕಣಕುಂಬಿಯವರೆಗಿನ ಮತ್ತು ಹೆಮ್ಮಡಗಾದ ಸುತ್ತಲಿನ ಪಶ್ಚಿಮಭಾಗವು ಸಹ್ಯಾದ್ರಿಯ ದಟ್ಟ ಕಾಡು. ಮಲಪ್ರಭೆ ಹುಟ್ಟುವ ಕಣಕುಂಬಿ ಇಲ್ಲಿಯದೇ, 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿಧಾಮವೂ ಇಲ್ಲಿಯದೇ. ಆ ಧಾಮದ ಒಳಗೂ ಅಂಚಿನಲ್ಲೂ ಇರುವ ಆಮಗಾಂವ, ಗವ್ವಾಳಿ, ಕೊಂಗಳಾ, ಪಾಸ್ತೋಳಿ, ಕೃಷ್ಣಾಪುರ ಮೊದಲಾದ ಹಳ್ಳಿಗಳಿಗೆ ಮಳೆಗಾಲದಲ್ಲಿ ವಾಹನ ಹೋಗುವುದು ದುಸ್ತರ. ಹೆಮ್ಮಡಗಾ ದಾರಿಯ ಹಾಲತ್ರಿ ಹಳ್ಳ ತುಂಬಿದರೆ ಖಾನಾಪುರದ ಸಂಪರ್ಕವೇ ಕಡಿಯುತ್ತದೆ. 2024ರ ಜುಲೈ ತಿಂಗಳಲ್ಲಿ ಆಮಗಾಂವದ ಅಸ್ವಸ್ಥ ಮಹಿಳೆಯೊಬ್ಬರನ್ನು ಊರವರು ಕೈಯಾರೆ ಕಟ್ಟಿದ ಸ್ಟ್ರೆಚರಿನ ಮೇಲೆ ಹೊತ್ತು, ಮಳೆಯಲ್ಲಿ ಕೆಲವು ಕಿಲೋಮೀಟರು ನಡೆದು ರಸ್ತೆಗೆ ಮುಟ್ಟಿಸಿದ ಚಿತ್ರಗಳು ಪತ್ರಿಕೆಗಳಲ್ಲಿ ಬಂದಾಗ ಬೆಳಗಾವಿಯ ಓದುಗರು ಬೆಚ್ಚಿದರು; ಆ ಹಳ್ಳಿಗಳವರಿಗೆ ಅದರಲ್ಲಿ ಹೊಸತೇನೂ ಇರಲಿಲ್ಲ.

ಹೆರಿಗೆಯ ಸಾವುಗಳನ್ನು ಅಧ್ಯಯನ ಮಾಡಿದ ಸರೀನ್ ಥಡ್ಡಿಯಸ್ ಮತ್ತು ಡೆಬೊರಾ ಮೇನ್ ಎಂಬ ವಿದ್ವಾಂಸೆಯರು 1994ರಲ್ಲಿ ಮೂರು ವಿಳಂಬಗಳ ಸಿದ್ಧಾಂತವನ್ನು ಮಂಡಿಸಿದರು. ನಿರ್ಧಾರ ಮಾಡುವುದರಲ್ಲಿ ಆಗುವ ತಡ, ದಾರಿಯಲ್ಲಿ ಆಗುವ ತಡ, ಆಸ್ಪತ್ರೆ ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ಆಗುವ ತಡ ಎಂದು ಅವರು ವಿಂಗಡಿಸಿದ್ದರೂ, ಈ ಮೂರೂ ಬೇರೆಬೇರೆಯಾಗಿ ಇರುವುದಿಲ್ಲವೆಂಬುದೇ ಅವರ ಬರಹದ ಮುಖ್ಯ ಒಳನೋಟ: ದಾರಿ ಕಷ್ಟವೆಂದು ಗೊತ್ತಿರುವವರು ನಿರ್ಧಾರವನ್ನೇ ಮುಂದೂಡುತ್ತಾರೆ, ಹೋದರೂ ಅಲ್ಲಿ ಡಾಕ್ಟರು ಸಿಗಲಿಕ್ಕಿಲ್ಲವೆಂದು ಅನುಭವದಿಂದ ಕಲಿತವರು ಹೊರಡುವುದೇ ಇಲ್ಲ. ಮಕ್ಕಳ ಗಾಯದ ವಿಷಯಕ್ಕೂ ಇದು ಹಾಗೆಯೇ ಅನ್ವಯಿಸುತ್ತದೆ. ಆದ್ದರಿಂದ ‘ತಾಯಂದಿರ ಅಜ್ಞಾನ’ ಎಂದು ವರದಿಗಳಲ್ಲಿ ಬರುವ ಮಾತನ್ನು ಎಚ್ಚರದಿಂದ ಓದಬೇಕು. ಅಜ್ಞಾನವೆಂದು ಕಾಣುವುದು ಎಷ್ಟೋ ಸಲ ದೂರದ ಲೆಕ್ಕಾಚಾರವಾಗಿರುತ್ತದೆ.

ಗಾಯದ ತೀವ್ರತೆಯನ್ನು ಅಳೆಯುವಾಗ ಮನೆಯವರು ಸಹಜವಾಗಿ ರಕ್ತವನ್ನೂ ಅಳುವನ್ನೂ ನೋಡುತ್ತಾರೆ. ವೈದ್ಯರು ನೋಡುವುದು ಬೇರೆ ಎರಡನ್ನು: ಪೆಟ್ಟು ಬಿದ್ದ ಬಗೆ, ಅಂದರೆ ಎಷ್ಟು ಎತ್ತರದಿಂದ, ಯಾವ ವೇಗದಲ್ಲಿ, ಯಾವುದಕ್ಕೆ ತಾಗಿತು ಎಂಬುದು ಮತ್ತು ಪೆಟ್ಟಿನ ನಂತರ ಮಗು ನಡೆದುಕೊಳ್ಳುವ ರೀತಿ. ನೆತ್ತಿಯ ಚರ್ಮಕ್ಕೆ ರಕ್ತನಾಳಗಳು ಹೆಚ್ಚಾದ್ದರಿಂದ ಒಂದು ಅಂಗುಲದ ಗಾಯದಿಂದಲೂ ಅಂಗಿಯೆಲ್ಲ ತೋಯುವಷ್ಟು ನೆತ್ತರು ಹರಿಯಬಹುದು. ಒಳಗೆ ಮಿದುಳು ಮಾತ್ರ ಸುರಕ್ಷಿತವಾಗಿರಬಹುದು. ಅದಕ್ಕೆ ತದ್ವಿರುದ್ಧವಾಗಿ ಸೈಕಲ್ಲಿನ ಹ್ಯಾಂಡಲು ಹೊಟ್ಟೆಗೆ ಚುಚ್ಚಿದ ಹುಡುಗನ ಚರ್ಮದ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಕೆಂಪು ಗುರುತು ಬಿಟ್ಟರೆ ಬೇರೇನೂ ಇಲ್ಲದೆ, ಒಳಗೆ ಗುಲ್ಮವೋ ಯಕೃತ್ತೋ ಹರಿದಿರಬಹುದು. ಹೊಟ್ಟೆನೋವು ಹೆಚ್ಚುತ್ತ ಹೋದರೆ, ಹೆಗಲಿಗೆ ನೋವು ಹರಿದರೆ, ಮಗು ಬಿಳಿಚಿಕೊಂಡು ಬೆವರಿದರೆ ಅಂಥ ಗುರುತನ್ನು ತಲೆಯ ದೊಡ್ಡ ಗಾಯಕ್ಕಿಂತ ಗಂಭೀರವೆಂದು ಬಗೆಯಬೇಕು. ಅಳುವಿನ ವಿಷಯದಲ್ಲಿಯೂ ಹೀಗೆಯೇ: ಜೋರಾಗಿ ಅಳುವ ಮಗುವಿನ ಉಸಿರು, ಪ್ರಜ್ಞೆ ಎರಡೂ ಸರಿಯಿವೆ ಎಂದು ದೂರದಿಂದಲೇ ಹೇಳಬಹುದು, ಅಳಬೇಕಾದ ಮಗು ಸುಮ್ಮನೆ ಬಿದ್ದುಕೊಂಡಿರುವುದು ಹೆಚ್ಚು ಅಂಜಬೇಕಾದ ಸಂಗತಿ.

ತಲೆಗೆ ಬಿದ್ದ ಪೆಟ್ಟಿನ ಬಗ್ಗೆ ವೈದ್ಯವಿಜ್ಞಾನ ಉಳಿದೆಲ್ಲಕ್ಕಿಂತ ಹೆಚ್ಚು ಶ್ರಮಿಸಿದೆ. ಇಂಗ್ಲೆಂಡಿನಿಂದ 2006ರಲ್ಲಿ, ಕೆನಡಾದಿಂದ 2010ರಲ್ಲಿ ಬಂದ, ಸಿಟಿ ಸ್ಕ್ಯಾನ್ ಯಾರಿಗೆ ಬೇಕೆಂದು ನಿರ್ಧರಿಸುವ ಸೂತ್ರಗಳಿದ್ದರೂ ಹೆಚ್ಚು ಬಳಕೆಯಲ್ಲಿರುವುದು ಉತ್ತರ ಅಮೆರಿಕದ 25 ತುರ್ತು ಚಿಕಿತ್ಸಾ ವಿಭಾಗಗಳಲ್ಲಿ 42,412 ಮಕ್ಕಳನ್ನು ಗಮನಿಸಿ 2009ರಲ್ಲಿ ಪ್ರಕಟವಾದ ಪೆಕಾರ್ನ್ ಸೂತ್ರ. ಆ ಮಕ್ಕಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಪಾಲು ಮಂದಿಗೆ ಸಿಟಿ ಸ್ಕ್ಯಾನ್ ಮಾಡಲಾಗಿತ್ತು, ಆದರೆ ನಿಜವಾಗಿ ಗಂಭೀರವಾದ ಮಿದುಳಿನ ಪೆಟ್ಟು ಇದ್ದದ್ದು 376 ಮಕ್ಕಳಲ್ಲಿ, ಅಂದರೆ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಶಸ್ತ್ರಚಿಕಿತ್ಸೆ ಬೇಕಾದದ್ದು 60 ಮಕ್ಕಳಿಗೆ. ಎಂದರೆ ತಲೆಗೆ ಪೆಟ್ಟಾದ ಬಹುತೇಕ ಮಕ್ಕಳು ಏನೂ ಮಾಡದಿದ್ದರೂ ಸರಿಹೋಗುವವರೇ. ಉಳಿದ ಕೆಲವರನ್ನು ಹೆಕ್ಕಿ ತೆಗೆಯುವುದೇ ಕಷ್ಟ. ಎರಡು ವರ್ಷದೊಳಗಿನ ಕೂಸಾದರೆ ಎಚ್ಚರದಲ್ಲಿ ಏರುಪೇರು, ಕೈಯಿಂದ ಮುಟ್ಟಿದರೆ ತಲೆಬುರುಡೆ ತಗ್ಗಿದಂತೆ ತೋರುವುದು, ಹಣೆಯನ್ನು ಬಿಟ್ಟು ತಲೆಯ ಬದಿಯಲ್ಲೋ ಹಿಂಬದಿಯಲ್ಲೋ ಮೆತ್ತನೆಯ ಬುಗುಟೆ ಏಳುವುದು, ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಪ್ರಜ್ಞೆ ತಪ್ಪುವುದು, ಮೂರು ಅಡಿಗಿಂತ ಎತ್ತರದಿಂದ ಬೀಳುವುದು ಮತ್ತು ಹೆತ್ತವರಿಗೆ ‘ಕೂಸು ಎಂದಿನಂತಿಲ್ಲ’ ಎಂದು ಅನ್ನಿಸುವುದು ಇವು ಎಚ್ಚರಿಕೆಯ ಗುರುತುಗಳು. ಎರಡು ವರ್ಷ ದಾಟಿದವರಲ್ಲಿ ಎಚ್ಚರದ ಏರುಪೇರು, ತಲೆಬುರುಡೆಯ ತಳ ಮುರಿದದ್ದನ್ನು ಸೂಚಿಸುವ ಕಣ್ಣಿನ ಸುತ್ತಲಿನ ಅಥವಾ ಕಿವಿಯ ಹಿಂದಿನ ಕಪ್ಪು, ಕಿವಿ ಮೂಗಿನಿಂದ ನೀರಿನಂಥ ಸೋರಿಕೆ, ಸ್ವಲ್ಪ ಹೊತ್ತಾದರೂ ಪ್ರಜ್ಞೆ ತಪ್ಪಿದ್ದು, ವಾಂತಿ, ತೀವ್ರ ತಲೆನೋವು, ಐದು ಅಡಿಗಿಂತ ಎತ್ತರದ ಬೀಳುವಿಕೆ ಇವನ್ನು ನೋಡುತ್ತಾರೆ. ಇವುಗಳಲ್ಲಿ ಒಂದೂ ಇಲ್ಲದ ಮಗುವಿಗೆ ಗಂಭೀರ ಪೆಟ್ಟು ಆಗಿರುವ ಸಾಧ್ಯತೆ ಎರಡು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ.

ಇಷ್ಟು ದೊಡ್ಡ ಅಧ್ಯಯನವೊಂದು ಹೆತ್ತವರ ಅನಿಸಿಕೆಯನ್ನು ಸಿಟಿ ಸ್ಕ್ಯಾನ್ ಬೇಕೇ ಬೇಡವೇ ಎಂಬುದನ್ನು ನಿರ್ಣಯಿಸುವ ಲಕ್ಷಣಗಳ ಸಾಲಿನಲ್ಲಿ ಸೇರಿಸಿಕೊಂಡಿರುವುದು ಗಮನಿಸಬೇಕಾದ ವಿಷಯ. ದವಾಖಾನೆಯ ಸಾಲಿನಲ್ಲಿ ನಿಂತ ತಾಯಿ ‘ಏನೋ ಸರಿ ಅನ್ನಿಸ್ತಿಲ್ರೀ’ ಎಂದಾಗ ಅದನ್ನು ಗಾಬರಿಯೆಂದು ತಳ್ಳಿಹಾಕುವ ಸಿಬ್ಬಂದಿ, ಒಂದು ಪರೀಕ್ಷಿತ ಲಕ್ಷಣವನ್ನೇ ತಳ್ಳಿಹಾಕಿದಂತಾಗುತ್ತದೆ.

ಇನ್ನೊಂದು ಕಡೆ, ಮನೆಮನೆಯಲ್ಲಿ ನೆಲೆನಿಂತ ಒಂದು ನಂಬಿಕೆಗೆ ಈ ಅಧ್ಯಯನಗಳು ಬೆಂಬಲ ಕೊಡುವುದಿಲ್ಲ. ತಲೆಗೆ ಪೆಟ್ಟು ಬಿದ್ದ ಮಗುವನ್ನು ಮಲಗಗೊಡಬಾರದೆಂದು ಅಜ್ಜಿಯಂದಿರು ರಾತ್ರಿಯೆಲ್ಲ ಅಲುಗಾಡಿಸುತ್ತ ಕೂರುವುದುಂಟು. ನಿದ್ದೆ ಮಿದುಳಿಗೆ ಕೇಡು ಮಾಡುವುದಿಲ್ಲ. ನಿದ್ದೆಯ ಮುಸುಕಿನಲ್ಲಿ ಪ್ರಜ್ಞೆ ತಗ್ಗಿದ್ದು ಗೊತ್ತಾಗದೆ ಹೋಗಬಹುದೆಂಬುದಷ್ಟೇ ಆ ನಂಬಿಕೆಯ ತಿರುಳು. ಹೊತ್ತಿಗೆ ಸರಿಯಾಗಿ ನಿದ್ದೆಗೆ ಜಾರಿದ ಮಗುವನ್ನು ಮಲಗಲು ಬಿಟ್ಟು, ನಡುನಡುವೆ ಎಬ್ಬಿಸಿದಾಗ ಅದು ಕಣ್ಣು ಬಿಟ್ಟು ರೇಗಿ, ತಾಯಿಯನ್ನು ಗುರುತಿಸಿ ಮತ್ತೆ ಮಲಗಿದರೆ ಚಿಂತೆಯಿಲ್ಲ. ಎಬ್ಬಿಸಿದರೂ ಏಳದಿದ್ದರೆ, ಎದ್ದು ತೊದಲಿದರೆ, ಒಂದು ಪಾಪೆ ಇನ್ನೊಂದಕ್ಕಿಂತ ಅಗಲವಾಗಿ ಕಂಡರೆ ಕತ್ತಲಾದರೂ ಹೊರಡಲೇಬೇಕು.

ಆದರೆ ಪೆಕಾರ್ನ್ ಸೂತ್ರದ ನಡುವಣ ಹಂತದಲ್ಲಿ ಒಂದು ಊಹೆ ಅಡಗಿದೆ. ಒಂದೇ ಒಂದು ಲಘುವಾದ ಗುರುತಿರುವ ಮಗುವನ್ನು ಸ್ಕ್ಯಾನ್ ಮಾಡುವ ಬದಲು ನಾಲ್ಕರಿಂದ ಆರು ಗಂಟೆ ಗಮನಿಸುತ್ತ ಇರಬಹುದೆಂದು ಅದು ಹೇಳುವಾಗ, ಆ ಗಮನಿಕೆ ನಡೆಯುವುದು ಆಸ್ಪತ್ರೆಯ ಹಾಸಿಗೆಯ ಮೇಲೆ, ಸ್ಕ್ಯಾನ್ ಯಂತ್ರವಿರುವ ಕಟ್ಟಡದಲ್ಲಿ ಎಂಬುದು ಅದರ ಗೃಹೀತ. ಕೊಂಗಳಾದ ಮನೆಯಲ್ಲಿ ಆರು ಗಂಟೆ ಕಾಯುವುದಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ಮಧ್ಯಾಹ್ನ ಮೂರಕ್ಕೆ ಗೇರುಮರದಿಂದ ಬಿದ್ದ ಹುಡುಗನಿಗೆ ಎರಡು ಸಲ ವಾಂತಿಯಾಗಿದ್ದರೆ, ರಾತ್ರಿ ಒಂಬತ್ತಕ್ಕೆ ಅವನ ಸ್ಥಿತಿ ಕೆಟ್ಟಾಗ ಬಸ್ಸಿಲ್ಲ, ಫೋನಿಗೆ ಸಿಗ್ನಲ್ ಇಲ್ಲ, ದಾರಿಯಲ್ಲಿ ಆನೆ ಕರಡಿಗಳ ಭಯ ಬೇರೆ. ಆದ್ದರಿಂದ ಕಾಡಂಚಿನ ಹಳ್ಳಿಗಳಲ್ಲಿ ಕೇಳಬೇಕಾದದ್ದು ‘ಈಗ ಆಸ್ಪತ್ರೆ ಬೇಕೇ’ ಎಂಬುದಲ್ಲ, ‘ಇನ್ನು ಆರು ಗಂಟೆಯಲ್ಲಿ ಬೇಕಾದರೆ ಆಗ ಹೋಗಲು ಆದೀತೇ’ ಎಂಬುದು. ಆಗದು ಎನ್ನಿಸಿದರೆ ಮಗುವಿನೊಂದಿಗೆ ಈಗಲೇ ದಾರಿಯ ಹತ್ತಿರಕ್ಕೆ, ಜಾಂಬೋಟಿಯ ನೆಂಟರ ಮನೆಗೋ ಖಾನಾಪುರದ ಪರಿಚಯದವರ ಮನೆಗೋ ಸರಿದು ಅಲ್ಲಿ ಕಾಯುವುದು ಜಾಣತನ. ಹೆರಿಗೆಗೆ ವಾರ ಮೊದಲೇ ಬಸುರಿಯನ್ನು ರಸ್ತೆಯಂಚಿನ ಊರಿಗೆ ಕಳಿಸುವ ರೂಢಿ ಮಲೆನಾಡಿನ ಮಂದಿಗೆ ಗೊತ್ತಿರುವುದೇ. ಗಾಯಗೊಂಡ ಮಕ್ಕಳಿಗೆ ಅದನ್ನೇ ಅನ್ವಯಿಸಲು ಯಾವ ಸರಕಾರಿ ಆದೇಶವೂ ಬೇಕಾಗಿಲ್ಲ.

ಕೈಕಾಲುಗಳ ಪೆಟ್ಟಿನಲ್ಲಿ ಸಮಸ್ಯೆಯ ಸ್ವರೂಪ ಬದಲಾಗುತ್ತದೆ, ಏಕೆಂದರೆ ಇಲ್ಲಿ ದವಾಖಾನೆಗೆ ಪ್ರತಿಸ್ಪರ್ಧಿಯಾಗಿ ಎಲುಬು ಕಟ್ಟುವ ನಾಟಿ ವೈದ್ಯರಿದ್ದಾರೆ. ಬಿದಿರ ದಬ್ಬೆ, ಬಟ್ಟೆ, ಮೊಟ್ಟೆಯ ಬಿಳಿ ಲೋಳೆ, ಬೇರಿನ ಲೇಪ ಇವುಗಳಿಂದ ಕಟ್ಟು ಹಾಕುವ ಈ ವಿದ್ಯೆಯನ್ನು ಸಾರಾಸಗಟಾಗಿ ಹೀಗಳೆಯುವುದು ನ್ಯಾಯವಲ್ಲ. ಮಕ್ಕಳ ಎಲುಬು ಹಸಿ ಬಿದಿರಿನಂತೆ ಪೂರ್ತಿ ತುಂಡಾಗದೆ ಬಾಗುತ್ತದೆ ಇಲ್ಲವೆ ಸುಕ್ಕುಗಟ್ಟುತ್ತದೆ. ಮಣಿಕಟ್ಟಿನ ಹತ್ತಿರದ ಇಂಥ ಸುಕ್ಕು ಮುರಿತಕ್ಕೆ ಗಟ್ಟಿ ಪಟ್ಟಿಯ ಬದಲು ಮೆತ್ತನೆಯ ಬ್ಯಾಂಡೇಜ್ ಕಟ್ಟಿ ಮನೆಗೆ ಕಳಿಸಿದರೂ ಗುಣವಾಗುವುದರಲ್ಲಿ ವ್ಯತ್ಯಾಸವಿಲ್ಲವೆಂದು 965 ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನ ತೋರಿಸಿದೆ. ನಾಟಿ ವೈದ್ಯರ ಕೀರ್ತಿಯ ಒಂದು ಪಾಲು ಹೀಗೆ ತಾನಾಗಿ ಕೂಡುವ ಎಲುಬುಗಳಿಂದ ಬಂದದ್ದು ಎಂದರೆ ತಪ್ಪಾಗಲಾರದು.

ಆ ಕೀರ್ತಿ ಅಪಾಯಕ್ಕೆ ತಿರುಗುವುದು ಮೊಣಕೈಯಲ್ಲಿ. ಐದರಿಂದ ಏಳು ವರ್ಷದ ಮಗು ಕೈಚಾಚಿ ಬಿದ್ದಾಗ ಮೊಣಕೈಯ ತುಸು ಮೇಲೆ ತೋಳೆಲುಬು ಮುರಿಯುವುದು ಮಕ್ಕಳ ಮೊಣಕೈ ಮುರಿತಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು. ಕೈಗೆ ರಕ್ತ ಒಯ್ಯುವ ದೊಡ್ಡ ನಾಳವೂ ಮುಖ್ಯ ನರಗಳೂ ಆ ಮುರಿದ ತುದಿಗೆ ಅಂಟಿಕೊಂಡೇ ಸಾಗುತ್ತವೆ. ಅಲ್ಲಿ ಬಾವು ಏರುತ್ತಿರುವಾಗಲೇ ದಬ್ಬೆಯಿಟ್ಟು ಬಿಗಿದು ಕಟ್ಟಿದರೆ ಮುಂಗೈಯ ಸ್ನಾಯುಗಳಿಗೆ ರಕ್ತ ನಿಂತು ಕೆಲವೇ ಗಂಟೆಗಳಲ್ಲಿ ಅವು ಸಾಯತೊಡಗುತ್ತವೆ, ಬೆರಳುಗಳು ಪಂಜದಂತೆ ಮಡಚಿಕೊಂಡು ಶಾಶ್ವತವಾಗಿ ಹಾಗೆಯೇ ಉಳಿಯುತ್ತವೆ. ಜರ್ಮನಿಯ ಶಸ್ತ್ರವೈದ್ಯ ರಿಚರ್ಡ್ ಫಾನ್ ಫೋಲ್ಕ್‌ಮನ್ 1881ರಲ್ಲಿ ವಿವರಿಸಿದ, ಇಂದಿಗೂ ಅವನ ಹೆಸರಿನಲ್ಲೇ ಇರುವ ಈ ವಿಕಾರವು ಬಿಗಿ ಕಟ್ಟಿನ ನೇರ ಫಲ.

ಮೊಣಕೈಗೆ ಪೆಟ್ಟಾದ ಮಗುವಿನ ಕೈಯನ್ನು ಮನೆಯಲ್ಲೇ ಪರೀಕ್ಷಿಸುವ ಕ್ರಮ ಕಷ್ಟದ್ದಲ್ಲ. ಮುಷ್ಟಿ ಕಟ್ಟು ಎನ್ನಬೇಕು, ಆಮೇಲೆ ಅಂಗೈ ಬಿಚ್ಚಿ ಬೆರಳುಗಳನ್ನು ಹಿಂದಕ್ಕೆ ಚಾಚು ಎನ್ನಬೇಕು, ತೋರುಬೆರಳು ನಡುಬೆರಳುಗಳಿಂದ ಕತ್ತರಿಯಾಡಿಸಲು ಹೇಳಬೇಕು, ಕೊನೆಗೆ ಹೆಬ್ಬೆರಳು ತೋರುಬೆರಳುಗಳ ತುದಿ ಕೂಡಿಸಿ ಬಳೆಯಂಥ ದುಂಡು ಮಾಡಿಸಬೇಕು. ಮೂರು ಮುಖ್ಯ ನರಗಳೂ ಅವುಗಳ ಒಂದು ಕವಲೂ ಈ ನಾಲ್ಕು ಆಟಗಳಲ್ಲಿ ಪರೀಕ್ಷೆಗೆ ಒಳಗಾಗುತ್ತವೆ. ಉಗುರನ್ನು ಒತ್ತಿ ಬಿಟ್ಟಾಗ ಬಿಳುಪು ಹೋಗಿ ಕೆಂಪು ಮರಳಲು ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದರೆ, ಆ ಕೈ ಇನ್ನೊಂದಕ್ಕಿಂತ ತಣ್ಣಗಿದ್ದರೆ, ಬೆರಳುಗಳನ್ನು ಮೆಲ್ಲಗೆ ನೇರ ಮಾಡಿದರೂ ಮಗು ಚೀರಿದರೆ, ನೋವಿನ ಔಷಧ ಕೊಟ್ಟರೂ ಚಡಪಡಿಕೆ ಹೆಚ್ಚುತ್ತ ಹೋದರೆ, ಇರುವ ಕಟ್ಟನ್ನು ಬಿಚ್ಚಿ ಎಲುಬಿನ ಶಸ್ತ್ರಚಿಕಿತ್ಸೆ ನಡೆಯುವ ಬೆಳಗಾವಿಗೆ ಆ ಕ್ಷಣವೇ ಹೊರಡಬೇಕು. ನಾಟಿ ವೈದ್ಯರನ್ನು ಊರಿಂದ ಓಡಿಸುವುದು ಯಾರಿಂದಲೂ ಆಗದ ಕೆಲಸ. ಮಕ್ಕಳ ಮೊಣಕೈಯನ್ನು ಮುಟ್ಟಬೇಡಿ, ಬೆರಳ ತುದಿ ಮುಚ್ಚುವಂತೆ ಕಟ್ಟಬೇಡಿ ಎಂಬ ಎರಡು ಮಾತುಗಳನ್ನು ಅವರಿಗೆ ಮುಟ್ಟಿಸುವುದು ಆಗುವ ಕೆಲಸ. ಕಾಲಿನ ಮಟ್ಟಿಗೆ ಕೆನಡಾದ ಒಟಾವಾದಲ್ಲಿ 1992ರಲ್ಲಿ ರೂಪುಗೊಂಡ ಸರಳ ಸೂತ್ರವಿದೆ: ಐದು ವರ್ಷ ದಾಟಿದ ಮಗು ಹೇಗಾದರೂ ನಾಲ್ಕು ಹೆಜ್ಜೆ ಊರಿ ನಡೆದರೆ, ಹರಡಿನ ಎರಡೂ ಬದಿಯ ಎಲುಬಿನ ಹಿಂಬದಿಯನ್ನು ಒತ್ತಿದಾಗ ನೋವಿಲ್ಲದಿದ್ದರೆ, ಹರಡಿನ ಎಕ್ಸ್‌ರೇಗೆ ಅವಸರವಿಲ್ಲ.

ಕೊಯ್ದ ಗಾಯಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ತೆಗೆಯದೆ ಒತ್ತಿ ಹಿಡಿದರೂ ನೆತ್ತರು ನಿಲ್ಲದಿದ್ದರೆ, ಗಾಯ ಬಾಯಿ ಬಿಟ್ಟುಕೊಂಡಿದ್ದರೆ, ಒಳಗೆ ಬಿಳಿಯ ನಾರೋ ಎಲುಬೋ ಕಂಡರೆ, ಮುಖದ ಮೇಲೋ ಕೀಲಿನ ಮೇಲೋ ಆಗಿದ್ದರೆ ಹೊಲಿಗೆ ಬೇಕು. ಆ ಕೆಲಸ ಬಹುಮಟ್ಟಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುವಂಥದ್ದು. ಖಾನಾಪುರದ ಜೇಡಿಮಣ್ಣು ಹೆಸರಾದದ್ದು. ಹೆಂಚು, ಇಟ್ಟಿಗೆಯ ಭಟ್ಟಿಗಳು ಇಲ್ಲಿವೆ, ಕುಂಬಾರಿಕೆ ಕಲಿಸುವ ಕೇಂದ್ರ ಸರಕಾರದ ಸಂಸ್ಥೆಯೂ ಇದೇ ಪಟ್ಟಣದಲ್ಲಿದೆ. ಆದರೆ ಮಣ್ಣಾಗಲಿ ಸೆಗಣಿಯಾಗಲಿ ಗಾಯಕ್ಕೆ ಮೆತ್ತಿದರೆ ಧನುರ್ವಾಯುವಿನ ಬೀಜಾಣುಗಳಿಗೆ ದಾರಿ ತೆರೆದಂತೆ. ಹಾಗೆಂದು ಪ್ರತಿ ತರಚು ಗಾಯಕ್ಕೂ ‘ಟಿಟಿ ಇಂಜೆಕ್ಷನ್’ ಬೇಕೆಂದು ಓಡುವುದೂ ಅನವಶ್ಯಕ: ಹುಟ್ಟಿದ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ, ಒಂದೂವರೆ ವರ್ಷದ ಸುಮಾರಿಗೆ, ಐದಾರನೆಯ ವರ್ಷದಲ್ಲಿ, ಹತ್ತು ಮತ್ತು ಹದಿನಾರನೆಯ ವರ್ಷಗಳಲ್ಲಿ ಸರಕಾರ ಉಚಿತವಾಗಿ ಕೊಡುವ ಲಸಿಕೆಗಳಲ್ಲಿ ಆ ರಕ್ಷಣೆ ಇದ್ದೇ ಇರುತ್ತದೆ. ಲಸಿಕೆಗಳ ದಾಖಲೆಯಿರುವ ‘ತಾಯಿ ಕಾರ್ಡ್’ ಅನ್ನು ಟ್ರಂಕಿನಲ್ಲಿ ಜೋಪಾನವಾಗಿಟ್ಟ ಮನೆಯಲ್ಲಿ ಇದನ್ನು ತೀರ್ಮಾನಿಸಲು ಒಂದು ನಿಮಿಷ ಸಾಕು.

ಸುಟ್ಟ ಗಾಯದಲ್ಲಿ ಅಳತೆಗೋಲು ಮಗುವಿನ ಕೈಯಲ್ಲೇ ಇದೆ. ಬೆರಳುಗಳೂ ಸೇರಿದ ಅದರ ಅಂಗೈ ಮೈಯ ಒಟ್ಟು ಚರ್ಮದ ಸುಮಾರು ನೂರರಲ್ಲಿ ಒಂದು ಪಾಲು. ಗುಳ್ಳೆ ಎದ್ದ ಜಾಗ ಎರಡು ಮೂರು ಅಂಗೈಗಿಂತ ಅಗಲವಾಗಿದ್ದರೆ, ಅಥವಾ ಎಷ್ಟೇ ಚಿಕ್ಕದಿದ್ದರೂ ಮುಖ, ಕೈ, ಪಾದ, ಕೀಲು, ಗುಪ್ತಾಂಗಗಳ ಮೇಲಿದ್ದರೆ, ಪಂಪ್‌ಸೆಟ್ಟಿನ ವಿದ್ಯುತ್ತಿನಿಂದ ಆಗಿದ್ದರೆ, ಸುಟ್ಟಲ್ಲಿ ಬಿಳುಚಿ ನೋವೇ ಇಲ್ಲದಂತಾಗಿದ್ದರೆ ದವಾಖಾನೆ ಬೇಕು. ನೋವಿಲ್ಲದಿರುವುದು ಸಮಾಧಾನದ ಲಕ್ಷಣವಲ್ಲ, ನರಗಳ ತುದಿಯೇ ಸುಟ್ಟಿತೆಂಬುದರ ಸೂಚನೆ. ಹೊರಡುವ ಮೊದಲು ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಡುವುದರಿಂದ ಸಿಗುವ ಲಾಭ ಯಾವ ಮುಲಾಮಿನಿಂದಲೂ ಸಿಗದು. ಸುಟ್ಟ ಮೂರು ಗಂಟೆಯೊಳಗೆ ಯಾವಾಗ ಮಾಡಿದರೂ ಅದು ಪ್ರಯೋಜನಕಾರಿ. ಟೂತ್‌ಪೇಸ್ಟ್, ಮಸಿ, ಸುಣ್ಣ ಬಳಿದರೆ ವೈದ್ಯರಿಗೆ ಗಾಯದ ಆಳವೇ ಕಾಣದಂತಾಗುತ್ತದೆ. ಗೇರು ಬೆಳೆಯುವ ಈ ಸೀಮೆಯಲ್ಲಿ ಹಸಿ ಬೀಜದ ಸೊನೆ ತಾಗಿ ಮಕ್ಕಳ ತುಟಿ ಬೆರಳುಗಳು ಸುಡುವುದು ಬೇಸಿಗೆಯ ಮಾಮೂಲು ಸಂಗತಿ. ಸೋಪು ನೀರಿನಿಂದ ತೊಳೆದರೆ ಅದು ಬಹುತೇಕ ಮನೆಯಲ್ಲೇ ಮಾಯುತ್ತದೆ, ಕಣ್ಣಿಗೆ ಹಾರಿದ್ದರೆ ಮಾತ್ರ ತಡ ಮಾಡಬಾರದು.

ಕಡಿತಗಳ ವಿಷಯದಲ್ಲಿ ಇದುವರೆಗಿನ ತರ್ಕವೆಲ್ಲ ತಲೆಕೆಳಗಾಗುತ್ತದೆ, ಏಕೆಂದರೆ ಇಲ್ಲಿ ಗಾಯದ ಗಾತ್ರಕ್ಕೂ ಮಗುವಿನ ಸದ್ಯದ ಸ್ಥಿತಿಗೂ ಬೆಲೆಯೇ ಇಲ್ಲ. ನಾಯಿಯ ಹಲ್ಲು ಚರ್ಮವನ್ನು ಕೆರೆದು ನೆತ್ತರು ಬರದಿದ್ದರೂ ಲಸಿಕೆ ಬೇಕು. ನೆತ್ತರು ಬಂದಿದ್ದರೆ ಅಥವಾ ಜೊಲ್ಲು ಬಾಯಿ, ಕಣ್ಣು, ಒಡೆದ ಚರ್ಮಗಳಿಗೆ ತಾಗಿದ್ದರೆ ಲಸಿಕೆಯ ಜೊತೆಗೆ ಗಾಯದೊಳಗೇ ಚುಚ್ಚುವ ಸಿದ್ಧ ಪ್ರತಿಕಾಯದ ಔಷಧವೂ ಬೇಕು. ರೇಬೀಸಿನ ಲಕ್ಷಣ ಕಂಡ ಮೇಲೆ ಚಿಕಿತ್ಸೆಯಿಲ್ಲ. ಸೋಪು ಹಚ್ಚಿ ಹದಿನೈದು ನಿಮಿಷ ಗಾಯ ತೊಳೆಯುವುದು ಮನೆಯ ಪಾಲಿನ ಕೆಲಸ. ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ವ್ಯಾಕ್ಸಿನ್ ಡಿಪೋ ಇರುವ ಬೆಳಗಾವಿಯಂಥ ಊರಿನ ಸುತ್ತಲೂ ಜನ ರೇಬೀಸಿನ ಲಸಿಕೆಗೆ ಹಿಂಜರಿಯುತ್ತಾರೆಂದರೆ ಅದಕ್ಕೆ ಕಾರಣ ಹಳೆಯ ನೆನಪು: ಕುರಿಯ ಮಿದುಳಿನಿಂದ ತಯಾರಿಸಿ ಹೊಕ್ಕಳ ಸುತ್ತ ಚುಚ್ಚುತ್ತಿದ್ದ ಆ ಲಸಿಕೆಯನ್ನು ಭಾರತ 2004ರ ಕೊನೆಗೇ ನಿಲ್ಲಿಸಿದೆ, ಈಗಿನದು ತೋಳಿನ ಚರ್ಮಕ್ಕೆ ಕೊಡುವಂಥದ್ದು. ಆದರೂ ‘ಹೊಟ್ಟೆಗೆ ಹದಿನಾಲ್ಕು’ ಎಂಬ ಮಾತು ಹಳ್ಳಿಗಳ ನೆನಪಿನಿಂದ ಅಳಿದಿಲ್ಲ. ಮಕ್ಕಳು ನಾಯಿ ಕಚ್ಚಿದ್ದನ್ನು ಮನೆಯಲ್ಲಿ ಹೇಳದೆ ಮುಚ್ಚಿಡುವುದಕ್ಕೆ ಇದೂ ಒಂದು ಕಾರಣ.

ಹಾವಿನ ವಿಷಯದಲ್ಲಿ ಕರ್ನಾಟಕ ಸರಕಾರ 2024ರ ಫೆಬ್ರವರಿಯಲ್ಲಿ ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ಯಾವ ಹಾವೆಂದು ಗೊತ್ತಿಲ್ಲದ, ಕಚ್ಚಿತೋ ಇಲ್ಲವೋ ಎಂಬ ಸಂಶಯವಿರುವ ಮಗುವನ್ನೂ ಕರೆದೊಯ್ಯಬೇಕು ಎಂಬುದಕ್ಕೆ ಕಟ್ಟುಹಾವೇ ಸಾಕ್ಷಿ: ರಾತ್ರಿ ನೆಲದ ಮೇಲೆ ಮಲಗಿದವರನ್ನು ಅದು ಕಚ್ಚಿದರೆ ನೋವಾಗಲಿ ಬಾವಾಗಲಿ ಕಾಣದೆ, ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದ ಮಗುವಿನ ರೆಪ್ಪೆಗಳು ಜೋತುಬಿದ್ದು ನುಂಗಲು ಆಗದಂತಾದಾಗಲೇ ಗೊತ್ತಾಗುವುದು. ದಾರ ಬಿಗಿಯುವುದು, ಕೊಯ್ಯುವುದು, ಮಂತ್ರ ಹಾಕಿಸಲು ಸುತ್ತುವುದು ಎಲ್ಲವೂ ಹೊತ್ತು ಕಳೆಯುವ ದಾರಿಗಳು. ಕಚ್ಚಿದ ಅವಯವ ಅಲುಗದಂತೆ ಆಸರೆ ಕೊಟ್ಟು ಹೊರಡುವುದಷ್ಟೇ ಮನೆಯವರು ಮಾಡಬೇಕಾದದ್ದು. ಮಗು ಚಿಕ್ಕದೆಂದು ವಿಷ ಕಡಿಮೆಯಿರುವುದಿಲ್ಲ, ಆದ್ದರಿಂದಲೇ ಪ್ರತಿವಿಷದ ಪ್ರಮಾಣ ದೊಡ್ಡವರಿಗೂ ಮಕ್ಕಳಿಗೂ ಒಂದೇ. ಸಹ್ಯಾದ್ರಿಯ ಕೆಲವು ಕುಳಿಮಂಡಲ ಹಾವುಗಳ ವಿಷಕ್ಕೆ ನಮ್ಮಲ್ಲಿ ದೊರೆಯುವ ಪ್ರತಿವಿಷ ಕೆಲಸ ಮಾಡುವುದಿಲ್ಲವೆಂಬ ತೊಡಕೂ ಇದೆ, ಆದರೆ ಅದು ವೈದ್ಯರು ಬಿಡಿಸಬೇಕಾದ ಗಂಟು.

ಚೇಳಿನ ಬಗ್ಗೆ ನೆರೆಯ ಕೊಂಕಣ ಕಲಿಸಿದ ಪಾಠ ದೊಡ್ಡದು. ರಾಯಗಡ ಜಿಲ್ಲೆಯ ಮಹಾಡಿನಂಥ ಸಣ್ಣ ಊರಿನಲ್ಲಿ ವೃತ್ತಿ ನಡೆಸುತ್ತಿದ್ದ ಡಾ. ಹಿಮ್ಮತರಾವ್ ಬಾವಸ್ಕರ್, ಕೆಂಪು ಚೇಳು ಕಡಿದ ಮಕ್ಕಳು ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿ ಸಾಯುವುದನ್ನು ಗಮನಿಸಿ, ರಕ್ತದೊತ್ತಡಕ್ಕೆ ಬಳಸುವ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆಯಿಂದ ಆ ಸಾವುಗಳನ್ನು ತಡೆಯಬಹುದೆಂದು 1980ರ ದಶಕದಲ್ಲಿ ತೋರಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಬರಹಗಳಿಂದ ಮನೆಯವರಿಗೆ ದಕ್ಕುವ ತಿಳಿವಳಿಕೆ ಇಷ್ಟು: ಕಡಿದ ಜಾಗದಲ್ಲಿ ಉರಿ ಹೆಚ್ಚಿದ್ದಷ್ಟರಿಂದ ಹೆದರಬೇಕಿಲ್ಲ, ಆದರೆ ಮೈಯೆಲ್ಲ ಬೆವರಿ, ವಾಂತಿಯಾಗಿ, ಕೈಕಾಲು ತಣ್ಣಗಾದರೆ, ಗಂಡುಮಗುವಿನಲ್ಲಿ ಶಿಶ್ನ ನಿಮಿರಿದರೆ ವಿಷ ಮೈಗೆ ಏರಿದೆಯೆಂದೇ ಅರ್ಥ. ಚಿಕ್ಕ ಮಕ್ಕಳಲ್ಲಿ ಈ ಲಕ್ಷಣಗಳಿಗಾಗಿ ಕಾಯದೆ ದವಾಖಾನೆಯ ಅಂಗಳದಲ್ಲಿರುವುದೇ ಮೇಲು.

ಹೋಗುವುದೆಂದು ತೀರ್ಮಾನವಾದ ಮೇಲೂ ‘ಎಲ್ಲಿಗೆ’ ಎಂಬ ಪ್ರಶ್ನೆ ಉಳಿಯುತ್ತದೆ. 2008ರ ನವೆಂಬರ್ 1ರಂದು ಆರೋಗ್ಯ ಕವಚ ಎಂಬ ಹೆಸರಿನಲ್ಲಿ ಆರಂಭವಾದ 108ರ ಆಂಬುಲೆನ್ಸ್ ಸೇವೆ ರಸ್ತೆಯಂಚಿನ ಊರುಗಳ ಮಟ್ಟಿಗೆ ಈ ಪ್ರಶ್ನೆಯನ್ನು ಹಗುರ ಮಾಡಿದೆ. ಹೊಲಿಗೆ, ನಾಯಿ ಕಡಿತದ ಮೊದಲ ಲಸಿಕೆ, ಚಿಕ್ಕ ಸುಟ್ಟ ಗಾಯಗಳಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವೂ ಖಾನಾಪುರದ ತಾಲ್ಲೂಕು ಆಸ್ಪತ್ರೆಯೂ ಸಾಕು; ತಲೆಯ ಗಂಭೀರ ಪೆಟ್ಟು, ರಕ್ತ ಹರಿಯದ ಕೈ, ಹೊಟ್ಟೆಯ ಒಳಪೆಟ್ಟುಗಳಿಗೆ ಸುಮಾರು 26 ಕಿಲೋಮೀಟರು ಆಚೆಯ ಬೆಳಗಾವಿಯೇ ಬೇಕು, ಅಂದರೆ ಬಿಮ್ಸ್‌ನ ಜಿಲ್ಲಾ ಆಸ್ಪತ್ರೆ ಅಥವಾ ಕೆಎಲ್‌ಇಯ ಡಾ. ಪ್ರಭಾಕರ ಕೋರೆ ಆಸ್ಪತ್ರೆಯಂಥ ದೊಡ್ಡ ದವಾಖಾನೆ. ಹಾವು ಕಡಿತ ಮಾತ್ರ ಇದಕ್ಕೆ ಅಪವಾದ: ಪ್ರತಿವಿಷ ಎಲ್ಲಿ ಹತ್ತಿರವಿದೆಯೋ ಅಲ್ಲಿ ಮೊದಲ ಡೋಸ್ ಆಗಿ, ಮುಂದಿನ ಪಯಣ ಆಮೇಲೆ. ಹೋದರೆ ಪೊಲೀಸು, ಕೇಸು, ಮುಂಗಡ ಹಣ ಎಂಬ ಅಳುಕು ಹಳ್ಳಿಗರಲ್ಲಿ ಇದ್ದೇ ಇದೆ. ಕಾನೂನಿನ ಪ್ರಕ್ರಿಯೆ ಮುಗಿಯುವವರೆಗೆ ಕಾಯದೆ ಜೀವ ಉಳಿಸುವ ಚಿಕಿತ್ಸೆಯನ್ನು ಮೊದಲು ಕೊಡಬೇಕೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ರಸ್ತೆ ಅಪಘಾತದ ಗಾಯಾಳುವನ್ನು ಕರೆತಂದ ದಾರಿಹೋಕರಿಗೆ 2019ರ ಮೋಟಾರು ವಾಹನ ತಿದ್ದುಪಡಿ ರಕ್ಷಣೆ ಕೊಟ್ಟಿದೆ. ಈ ತೀರ್ಪು ಕಾಯಿದೆಗಳು ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ ಕನ್ನಡ ಮರಾಠಿ ಎರಡರಲ್ಲೂ ಬರೆಯಲು ಯೋಗ್ಯವಾದವು, ಅಲ್ಲಿ ಕಾಣುವ ಜಾಹೀರಾತುಗಳಿಗಿಂತಂತೂ ಖಂಡಿತ.

ಇನ್ನೂ ಅಂಬೆಗಾಲಿಡದ ಕೂಸಿನ ಮೈಮೇಲೆ ಕಂಡ ಮೂಗೇಟಿನ ಕಲೆಯನ್ನು ಮಾತ್ರ ಬೇರೆಯಾಗಿಯೇ ನೋಡಬೇಕು. ನಡೆಯದ ಮಗು ತಾನಾಗಿ ಎಲ್ಲಿಯೂ ಡಿಕ್ಕಿ ಹೊಡೆಯುವುದಿಲ್ಲ. ನಾಲ್ಕು ತಿಂಗಳೊಳಗಿನ ಕೂಸಿನಲ್ಲಿ ಎಲ್ಲಿಯೇ ಆಗಲಿ, ನಾಲ್ಕು ವರ್ಷದೊಳಗಿನವರಲ್ಲಿ ಎದೆ ಹೊಟ್ಟೆಗಳ ಮೇಲೆ, ಕಿವಿಯ ಮೇಲೆ, ಕತ್ತಿನ ಮೇಲೆ ಕಾರಣ ಹೇಳಲಾಗದ ಕಲೆಯಿದ್ದರೆ ವೈದ್ಯರು ಹೊಡೆತದ ಸಾಧ್ಯತೆಯನ್ನೂ ರಕ್ತದ ಕಾಯಿಲೆಯನ್ನೂ ಒಟ್ಟಿಗೆ ಯೋಚಿಸುತ್ತಾರೆ. ಅಂಗನವಾಡಿಯ ಅಥವಾ ಆಶಾ ಕಾರ್ಯಕರ್ತೆಯ ಕಣ್ಣಿಗೆ ಇದು ಬಿದ್ದರೆ ಗಾಯ ಸಣ್ಣದೆಂದು ಬಿಡದೆ ದವಾಖಾನೆಗೆ ಕಳಿಸಬೇಕು. 1098 ಮಕ್ಕಳ ಸಹಾಯವಾಣಿಯೂ ಇದೆ.

ದವಾಖಾನೆಗೆ ಹೋಗಿ ಬಂದ ಮೇಲೂ ಕೆಲವು ಗಾಯಗಳ ನಿರ್ಧಾರ ಮುಗಿದಿರುವುದಿಲ್ಲ. ನಾಯಿ ಕಡಿತಕ್ಕೆ ಚರ್ಮದೊಳಗೆ ಕೊಡುವ ಲಸಿಕೆ ಮೊದಲ ದಿನ, ಆಮೇಲೆ ಮೂರನೆಯ, ಏಳನೆಯ ಮತ್ತು ಇಪ್ಪತ್ತೆಂಟನೆಯ ದಿನಗಳಿಗೆ ಹಂಚಿಕೊಂಡಿದೆ. ಚಳಿಗಾಲದಲ್ಲಿ ಕಬ್ಬು ಕಡಿಯಲು ಬಂದು ಗದ್ದೆಯಂಚಿನಲ್ಲಿ ಗುಡಿಸಲು ಹೂಡುವ ಕುಟುಂಬಗಳು ಇಪ್ಪತ್ತೆಂಟು ದಿನ ಒಂದೇ ಊರಿನಲ್ಲಿ ಇರುವುದು ಅಪರೂಪವಾದ್ದರಿಂದ ಕೊನೆಯ ಸೂಜಿ ತಪ್ಪಿಹೋಗುವುದು ಇಂಥ ಮಕ್ಕಳಿಗೇ. ಉಳಿದ ಡೋಸನ್ನು ಯಾವ ತಾಲ್ಲೂಕಿನ, ಯಾವ ರಾಜ್ಯದ ಸರಕಾರಿ ಆಸ್ಪತ್ರೆಯಲ್ಲಾದರೂ ಹಾಕಿಸಬಹುದು, ಮೊದಲಿನಿಂದ ಶುರು ಮಾಡಬೇಕಾದದ್ದಿಲ್ಲ. ಹಾಕಿದ ದಿನಗಳನ್ನು ಬರೆದ ಚೀಟಿಯೊಂದು ಗಾಡಿಯಲ್ಲಿ ಪಾತ್ರೆ ಪಗಡಗಳ ಜೊತೆ ಮುಂದಿನ ಊರಿಗೆ ಹೋದರಾಯಿತು.